ತಂಗಿಯ ಬಾಯಿಗೆ ಹಾಕಿದ ಸಿಹಿ

ನನ್ನ ಎಡಗೈ ಮಣಿಕಟ್ಟಿನ ಮೇಲೆ ನಾಲ್ಕು ಹಲ್ಲಿನ ಗುರುತಿದೆ. ನನ್ನ ತಂಗಿ ಕಚ್ಚಿದ್ದು. ಆಗ ಅವಳಿಗೆ ಐದು ವರ್ಷ, ನನಗೆ ಒಂಬತ್ತು.

ಎಪ್ಪತ್ತರ ದಶಕದ ಮೊದಲ ವರ್ಷಗಳು. ಅಜ್ಜಂಪುರದ ನಮ್ಮ ಮನೆಗೆ ಮಠದ ಸ್ವಾಮಿಗಳು ಪೂಜೆಗೆ ಬಂದಿದ್ದರು. ಕೈಗೆ ಬಂದ ಪ್ರಸಾದವನ್ನು ನಮ್ಮವರು ಚೆಲ್ಲುವುದಿಲ್ಲ. ತಟ್ಟೆ ತೊಳೆದ ನೀರನ್ನೂ ಕುಡಿಯುತ್ತಾರೆ. ಬಾಳೆಹಣ್ಣು, ಬೆಲ್ಲ, ಜೇನು ಕಲಸಿದ ಪ್ರಸಾದವನ್ನು ತಂಗಿ ಎಲ್ಲರೆದುರು ಉಗುಳಿಬಿಟ್ಟಳು. ಸ್ವಾಮಿಗಳು ಮಗು ಬಿಡಿ ಎಂದು ನಕ್ಕರು. ಅವರು ಹೊರಟ ಮೇಲೆ ಅಪ್ಪ ಅವಳ ಕೂದಲು ಹಿಡಿದು ನಡುಮನೆಗೆ ಎಳೆದು ತಂದರು. ತಲೆ ಕಂಬಕ್ಕೆ ಬಡಿಯಿತು.

"ಕೈ ಹಿಡ್ಕಳೇ ಅವಳ್ದು" ಎಂದರು ನನಗೆ.

ಹಿಡಿದೆ. ಅಪ್ಪ ಅವಳ ಮೂಗು ಒತ್ತಿದರು. ಉಸಿರಿಗಾಗಿ ಬಾಯಿ ತೆರೆದಾಗ ಹಿಡಿಯಷ್ಟು ಪ್ರಸಾದ ತುರುಕಿದರು. ಅವಳು ಕೊಸರಿಕೊಂಡು ನನ್ನ ಮಣಿಕಟ್ಟು ಕಚ್ಚಿದಳು, ರಕ್ತ ಬಂತು. ನಾನು ಬಿಡಲಿಲ್ಲ. ಸ್ವಲ್ಪ ಹೊತ್ತಿಗೆ ವಾಂತಿ, ಮೈಯೆಲ್ಲ ತಣ್ಣನೆ ಬೆವರು, ಕಣ್ಣುಗುಡ್ಡೆ ಮೇಲಕ್ಕೆ. ಪ್ರಸಾದ ಕಕ್ಕಿದಳೆಂದು ಅಪ್ಪ ಮತ್ತೆ ಹೊಡೆದರು.

ಅವಳಿಗೆ ಯಾವುದು ಸೇರುತ್ತದೆಂದು ಗೊತ್ತಾದದ್ದು ನನ್ನ ಮರೆವಿನಿಂದ. ಅಮ್ಮ ಜ್ವರದಲ್ಲಿ ಮಲಗಿದ್ದ ವಾರ ಅಡುಗೆ ನನ್ನದು. ಸಾರಿಗೆ ಬೆಲ್ಲದ ಚೂರು ಹಾಕುವುದು ದಿನವೂ ಮರೆತೆ. ಅಪ್ಪ ಇದೇನು ಕಲಗಚ್ಚೇ ಎಂದು ತಟ್ಟೆಯನ್ನು ಗೋಡೆಗೆ ಎಸೆದರು. ತಂಗಿ ಮಾತ್ರ ಎರಡು ಸಲ ಹಾಕಿಸಿಕೊಂಡು ಉಂಡಳು. ಆ ವಾರ ಅವಳು ಒಮ್ಮೆಯೂ ವಾಂತಿ ಮಾಡಲಿಲ್ಲ. ಆಮೇಲೆ ಅಮ್ಮ ಬೆಲ್ಲ ಹಾಕುವ ಮೊದಲೇ ಅವಳ ಪಾಲನ್ನು ಬೇರೆ ತೆಗೆದಿಡುತ್ತಿದ್ದರು. ಮುದ್ದೆ, ಅನ್ನ, ಬೇಳೆಕಟ್ಟು, ತುಪ್ಪ, ಮಜ್ಜಿಗೆ. ಹಣ್ಣಿಲ್ಲ, ಈರುಳ್ಳಿ ಇಲ್ಲ. ಮೂಳೆಯ ಮೇಲೆ ಮಾಂಸ ಬಂತು. ಅವಳು ಸಿಹಿ ಮುಟ್ಟದಿರುವುದಕ್ಕೆ ಕೊಬ್ಬು ಎನ್ನುವುದನ್ನು ಅಪ್ಪ ಮಾತ್ರ ಬಿಡಲಿಲ್ಲ. ಹಬ್ಬ ಬಂದರೆ ಅವಳ ಬೆನ್ನ ಮೇಲೆ ಬಾಸುಂಡೆ.

ಅವಳಿಗೆ ಹದಿನಾಲ್ಕಾದಾಗ ಅಮ್ಮ ದಾವಣಗೆರೆಯ ಡಾಕ್ಟರೊಬ್ಬರಿಗೆ ತೋರಿಸಿದರು. ಅವರು ಮೊದಲು ನೋಡಿದ್ದು ಹೊಟ್ಟೆಯನ್ನಲ್ಲ, ಬಾಯನ್ನು. ಒಂದು ಹುಳುಕು ಹಲ್ಲೂ ಇಲ್ಲ. ಸಿಹಿ ತಿನ್ನುವುದಿಲ್ಲ ಅಲ್ಲವೇ ಎಂದು ಅವರೇ ಕೇಳಿದರು. ಇದು ಹುಟ್ಟಿನಿಂದ, ರಕ್ತದಲ್ಲೇ ಬಂದದ್ದು. ಹಣ್ಣಿನ ಸಕ್ಕರೆ ಅವಳ ಲಿವರಿಗೆ ವಿಷ. ಬೆಲ್ಲ, ಜೇನು, ಸಾಧಾರಣ ಸಕ್ಕರೆ ಎಲ್ಲದರಲ್ಲೂ ಅದಿದೆ. ನಿತ್ರಾಣವಾದರೆ ಗ್ಲೂಕೋಸ್ ಮಾತ್ರ ಕೊಡಿ ಎಂದು ಎಲ್ಲವನ್ನೂ ಒಂದು ಚೀಟಿಯಲ್ಲಿ ಬರೆದುಕೊಟ್ಟರು. ಬಸ್ಸಿನಲ್ಲಿ ತಂಗಿ ಅಷ್ಟು ದೂರವೂ ಅತ್ತಳು. ತಾನು ಹಟಮಾರಿಯಲ್ಲವೆಂದು ಒಬ್ಬರಾದರೂ ಹೇಳಿದರಲ್ಲ ಎಂದಳು.

ಕಡೂರಿನ ಕೊಬ್ಬರಿ ವ್ಯಾಪಾರದ ಮನೆಯಿಂದ ಗಂಡು ಬಂದಾಗ ಅಪ್ಪ ಆ ಚೀಟಿಯನ್ನು ಬಚ್ಚಿಡಲು ನನಗೆ ಕೊಟ್ಟರು. ನಾನಾಗ ಮದುವೆಯಾಗಿ ತರೀಕೆರೆಯಲ್ಲಿದ್ದೆ. "ರಕ್ತದಾಗೆ ಬಂದದ್ದು ಅಂದ್ರೆ ಯಾರು ಕಟ್ಕತಾರೆ? ಸಿಹಿ ಸೇರಲ್ಲ ಅನ್ನು, ಸಾಕು." ಯಾರಿಗೂ ಹೇಳುವುದಿಲ್ಲವೆಂದು ತಂಗಿಯಿಂದಲೂ ಆಣೆ ಮಾಡಿಸಿದರು. ಅವಳ ಅತ್ತೆಗೆ ನಾನೇ ಹಾಗೆ ಹೇಳಿದೆ.

"ಒಳ್ಳೇದೇ ಆಯ್ತು ಬಿಡವ್ವ, ನಮ್ಮನೆ ಸಕ್ಕರೆ ಉಳೀತು" ಎಂದು ಆಕೆ ನಕ್ಕರು. ಒಳ್ಳೆಯ ಹೆಂಗಸು. ಸೊಸೆಯ ಸಾರನ್ನು ತಾವೇ ಬೇರೆ ತೆಗೆದಿಡುತ್ತಿದ್ದರು.

ಮದುವೆಯಾದ ಎರಡನೆಯ ಬೇಸಿಗೆಯಲ್ಲಿ ತಂಗಿಗೆ ವಾಂತಿ ಭೇದಿ ಶುರುವಾಯಿತು. ಕಾಯಿಸಿ ಆರಿಸಿದ ನೀರಿಗೆ ಉಪ್ಪು ಸಕ್ಕರೆ ಹಾಕಿ ಕುಡಿಸುತ್ತಲೇ ಇರಬೇಕೆಂದು ಆ ಕಾಲದಲ್ಲಿ ರೇಡಿಯೋದಲ್ಲೂ ಹೇಳುತ್ತಿದ್ದರು. ಅತ್ತೆ ಹಾಗೆಯೇ ಮಾಡಿದರು. ಅವಳು ಆಣೆ ಮುರಿಯದೆ, ಸಕ್ಕರೆ ಬೇಡ ಎಂದಷ್ಟೇ ಹೇಳಿ ಹಲ್ಲು ಕಚ್ಚಿದಳಂತೆ. ಸಿಹಿ ಇಷ್ಟವಿಲ್ಲದವಳ ರಗಳೆ ಎಂದುಕೊಂಡರು. ಮನೆಯವರಿಬ್ಬರು ಕೈಕಾಲು ಒತ್ತಿ ಹಿಡಿದರು. ಅತ್ತೆ ಚಮಚದ ಹಿಡಿಯಿಂದ ಹಲ್ಲು ಬಿಡಿಸಿ ಹುಯ್ದರು. ಕುಡಿಸಿದಷ್ಟೂ ವಾಂತಿ. ವಾಂತಿಯಾದಷ್ಟೂ ಕುಡಿಸಿದರು. ಎರಡು ದಿನ.

ಸುದ್ದಿ ಬಂದಾಗ ಚೀಟಿ ಹಿಡಿದು ತರೀಕೆರೆಯಿಂದ ಬಸ್ಸು ಹತ್ತಿದೆ. ಕಡೂರು ಮುಟ್ಟುವ ಹೊತ್ತಿಗೆ ಅವಳನ್ನು ಆಸ್ಪತ್ರೆಗೆ ಸೇರಿಸಿದ್ದರು. ಕಣ್ಣು ಅರಿಸಿನವಾಗಿತ್ತು. ತುಟಿ ಹರಿದಿತ್ತು, ಮುಂದಿನ ಹಲ್ಲೊಂದು ಅರ್ಧಕ್ಕೆ ಮುರಿದಿತ್ತು. ಡಾಕ್ಟರು ಚೀಟಿ ಓದಿ ಗ್ಲೂಕೋಸ್ ಏರಿಸಿದರು. ಮೈ ಎರಡು ಸಲ ಸೆಟೆದು ಅದುರಿತು. ಮಧ್ಯಾಹ್ನ ಹೋದಳು.

ಚೀಟಿಯನ್ನು ಅವಳ ಗಂಡ ತಾಯಿಗೆ ಓದಿ ಹೇಳಿದ. ಆಕೆ ಎದ್ದು ಬಂದು ನನ್ನ ಕೆನ್ನೆಗೆ ಬಾರಿಸಿದರು, ಕಿವಿ ಗುಯ್ಯೆಂದಿತು.

"ಈ ಕೈಯಾಗೇ ಹುಯ್ದೆ ಕಣೇ. ಬಾಯಿ ಮುಚ್ಕಂಡಿದ್ಲು, ನಾನೇ ತೆಗ್ಸಿದೆ. ಒಂದ್ ಮಾತು ಹೇಳಿದ್ರೆ ನಿಮ್ಮ ಗಂಟೇನ್ ಹೋಗ್ತಿತ್ತು?"

ಅಪ್ಪ ಬಂದು ಗೋಡೆಗೆ ಒರಗಿ ನಿಂತಿದ್ದರು. ಅವರನ್ನು ಯಾರೂ ಏನೂ ಕೇಳಲಿಲ್ಲ.

ನಮ್ಮಲ್ಲಿ ಹೆಣವನ್ನು ಕೂರಿಸಿ ಮಣ್ಣು ಮಾಡುತ್ತಾರೆ. ಸಿಂಗರಿಸುವಾಗ ಜಾರದಂತೆ ಯಾರಾದರೂ ಹಿಡಿದುಕೊಳ್ಳಬೇಕು. ನಾನು ಅವಳ ಎರಡೂ ಕೈ ಹಿಡಿದು ಕೂತೆ. ಬಾಯಿಗೆ ಬಿಡಲು ಯಾರೋ ಬಟ್ಟಲಲ್ಲಿ ತೀರ್ಥ ತಂದರು. ಅತ್ತೆ ಅದನ್ನು ತಡೆದು, ಬೆರಳದ್ದಿ, ಸಿಹಿಯಿದೆಯೇ ಎಂದು ತಮ್ಮ ನಾಲಿಗೆಗೆ ಹಚ್ಚಿ ನೋಡಿದರು. ತೀರ್ಥ ಎಂಜಲಾಯಿತೆಂದು ಯಾರೂ ಅನ್ನಲಿಲ್ಲ.

"ಬರೀ ನೀರು. ಬಿಡ್ರಿ" ಎಂದರು.