ಸಫಿಯಮ್ಮ ಬೇಡವೆಂದ ಮನೆ

ನಮ್ಮ ನೆರೆಮನೆಯ ಸಫಿಯಮ್ಮ ಯಾವುದನ್ನೂ ಅಳೆದು ತೂಗಿ ನಿರ್ಧರಿಸಿದವರಲ್ಲ. ಮನಸ್ಸಿಗೆ ಹಿತವೆನಿಸಿದರೆ ಸೈ, ಕಸಿವಿಸಿಯಾದರೆ ಬೇಡ. ಹೀಗೆ ಬೇಡವೆಂದ ಇಬ್ಬರು ಹುಡುಗರಿಗೆ ಬೇರೆ ಕಡೆ ಮದುವೆಯಾಗಿ ಎರಡೂ ಮುರಿದುಬಿದ್ದವು. ಅಲ್ಲಿಂದ ಅವರ ಮಾತೇ ಮನೆಗೆ ಕಾನೂನು. ಅವರ ತಮ್ಮ ಆದಂ ಕುಂಞಿ ಇದಕ್ಕೆ ತದ್ವಿರುದ್ಧ. ಹುಡುಗನ ಕೆಲಸ, ನಡತೆ, ಮನೆಯ ಬಾವಿಯ ನೀರು, ಎಲ್ಲವನ್ನೂ ವಿಚಾರಿಸಿ ಚೀಟಿಯಲ್ಲಿ ಬರೆಯುತ್ತಾರೆ. ಬರೆದು ಮುಗಿಸಿ ಅಕ್ಕನ ಮುಖ ನೋಡುತ್ತಾರೆ. ಅಷ್ಟಕ್ಕೆ ಬರೆಯುವುದಾದರೂ ಏಕೆ ಎಂದು ಕೇಳಿ ನಾನು ಬೈಸಿಕೊಂಡಿದ್ದೇನೆ.

ಕಳೆದ ವರ್ಷ ಆದಂ ಕುಂಞಿಯವರ ಮಗಳು ಶಹನಾಳನ್ನು ಮಂಡೆಕೋಲಿನ ಮಶೂದ್ ಬಂದು ನೋಡಿದ. ಹುಡುಗಿಗೆ ಪೂರಾ ಒಪ್ಪಿಗೆ, ಚೀಟಿಯಲ್ಲೂ ಕುಂದಿಲ್ಲ. ಮನೆ ನೋಡಲು ಸಫಿಯಮ್ಮ ಕಾರಿನಲ್ಲಿ ಹೋದರು. ಕಾರಿಳಿದು ಆ ಜಗಲಿಯಲ್ಲಿ ಕೂತ ಗಳಿಗೆಗೆ ಕೈ ಬೆವರಿತು, ಎದೆ ಹೊಡೆದುಕೊಂಡಿತು, ಒಳಗೆಲ್ಲ ತಳಮಳ. ಕೊಟ್ಟ ಶರಬತ್ತು ಮುಟ್ಟದೆ ಎದ್ದು ಬಂದು ಬೇಡವೆಂದರು. ಶಹನಾ ಎರಡು ದಿನ ಊಟ ಬಿಟ್ಟಳು. ಮಶೂದನಿಗೆ ಬೇರೆ ಕಡೆ ಮದುವೆಯಾಯಿತು.

ಮೊನ್ನೆ ಮಂಡೆಕೋಲಿನಲ್ಲೇ ನೆಂಟರ ಮಗುವಿಗೆ ಹೆಸರಿಡುವ ಊಟವಿತ್ತು. ಯಾವಾಗಲೂ ಬಸ್ಸಿನ ಕಿಟಕಿ ಬದಿಗೆ ಕೂರುವ ಸಫಿಯಮ್ಮ ಮತ್ತೆ ಕಾರು ಹತ್ತಿದರು, ನಾನೂ ಜೊತೆಗಿದ್ದೆ. ಸುಳ್ಯ ದಾಟಿ ತಿರುವುಗಳು ಶುರುವಾದದ್ದೇ ಕೈ ಬೆವರಿತು, ಅದೇ ಎದೆಬಡಿತ, ಅದೇ ತಳಮಳ. ಎದುರಿಗೆ ಯಾವ ಮನೆಯೂ ಇರಲಿಲ್ಲ. ಈ ರಸ್ತೆಯಲ್ಲಿ ತುಂಬ ಜನರಿಗೆ ಹೀಗಾಗುತ್ತದೆ ಎಂದು ಡ್ರೈವರ್ ಗಾಜು ಇಳಿಸಿದ. ಗಾಳಿ ಬಡಿದು ಎಲ್ಲ ಸರಿಯಾಯಿತು. ನನ್ನ ಕೈ ಹಿಡಿದವರು ಊಟದ ಮನೆಯವರೆಗೂ ಬಿಡಲಿಲ್ಲ.

ಈಗ ಶಹನಾಳಿಗೆ ಬೆಟ್ಟಂಪಾಡಿಯ ಸಂಬಂಧ ಬಂದಿದೆ. ಮನೆ ನೋಡಿ ಬಂದ ಸಫಿಯಮ್ಮನಿಗೆ ಹಿತವೂ ಇಲ್ಲ, ಕಸಿವಿಸಿಯೂ ಇಲ್ಲ. ಏನಾದರೂ ಅನಿಸಿದರೂ ಅದು ಹಸಿವೋ ಸೆಕೆಯೋ ಎಂದು ಗುಮಾನಿ. ಹೂಂ ಎಂದರೆ ಸುಳ್ಳು, ಗೊತ್ತಿಲ್ಲ ಎಂದರೆ ಕಾರಣ ಹೇಳಬೇಕು. ಹೇಳಿಬಿಡಿ ಎಂದು ನಾನು ಸಿಟ್ಟಿನಿಂದಲೇ ಹೇಳಿದೆ. ಹೇಳಿಕೊಡುವುದು ಸುಲಭ, ಮನೆಯ ಚಾವಡಿಯಲ್ಲಿ ಸೇರಿದ್ದ ಎಲ್ಲರ ಕಣ್ಣು ಇದ್ದದ್ದು ಅವರ ಮುಖದ ಮೇಲೆ. ಆದಂ ಕುಂಞಿ ಚೀಟಿ ಮಡಚಿ ಕಾದರು. ಕೊನೆಗೆ ಶಹನಾಳೇ ಕೇಳಿದಳು.

"ಮಾಮಿ, ನಿಮಗೆ ಎಂತ ಅನ್ನಿಸ್ತದೆ?"

"ನನ್ನನ್ನು ಕೇಳ್ಬೇಡ ಮಗಳೇ. ಅವತ್ತು ಮಂಡೆಕೋಲಿನಲ್ಲಿ ನನಗೆ ಆದದ್ದು ಕಾರಿನ ತಲೆಸುತ್ತು. ಆ ಮನೆಯಲ್ಲಿ ಎಂತದೂ ಇರ್ಲಿಲ್ಲ."

ಆದಂ ಕುಂಞಿ ತಲೆ ತಗ್ಗಿಸಿದರು.

"ಮಶೂದನದ್ದು ಎಂತ ತಪ್ಪು ಅಂತ ಒಂದು ವರ್ಷ ಹುಡುಕಿದೆ ಮಾಮಿ," ಎಂದಳು ಶಹನಾ. "ಬೆಟ್ಟಂಪಾಡಿಯವರಿಗೆ ಹೂಂ ಹೇಳಿ. ನನಗೆ ಇನ್ನು ಯಾರಾದ್ರೂ ಒಂದೇ."