ಗೊರಗುಟ್ಟುವ ಫ್ಯಾನು ಮತ್ತು ನಾನು

ಬೆಟಗೇರಿಯಲ್ಲಿ ನನ್ನದು ಲಗ್ನಪತ್ರಿಕೆ ಮುದ್ರಿಸುವ ಅಂಗಡಿ. ನಾಲ್ಕನೇ ಇಯತ್ತೆ ಓದಿದ ನನಗೆ ಕಂಪ್ಯೂಟರ್ ಬರುವುದಿಲ್ಲ, ಬೈಯುವುದು ಮಾತ್ರ ಚೆನ್ನಾಗಿ ಬರುತ್ತದೆ. ಟೈಪ್ ಮಾಡುವವಳು ಮಮತಾ. ಮೊನ್ನೆ ಹರ್ತಿಯ ದೇವೇಂದ್ರಪ್ಪನವರು ಮಗಳ ಪತ್ರಿಕೆ ಒಯ್ಯಲು ಬಂದು ಕುಳಿತಾಗಲೇ ಕಂಪ್ಯೂಟರಿನೊಳಗಿನ ಫ್ಯಾನು ಗೊರಗುಟ್ಟಿತು. ಡಬ್ಬಿ ಬಿಸಿಯಾಗಿ ಎಲ್ಲ ಬಂದ್ ಆಯಿತು. ನಾನು ಅದಕ್ಕಿಂತ ಮೊದಲೇ ಬಿಸಿಯಾಗಿದ್ದೆ.

“ಏನ್ ಮಾಡಿದೀ ಇದಕ್ಕ? ನೀನ ಕೆಡಿಸೀದಿ!” ಎಂದು ಕೂಗಿದೆ.

ಮಮತಾ ಬ್ಯಾಗು ಹೆಗಲಿಗೇರಿಸಿದಳು. “ಇನ್ನ ನೀವ ಟೈಪ್ ಮಾಡ್ಕೋರಿ. ಆದ್ರ ಕೆಡಿಸಿದವ್ರು ಯಾರಂತ ತೋರಿಸಿ ಹೋಗ್ತೀನಿ.”

ಸ್ಕ್ರೂ ಬಿಚ್ಚಿ ಡಬ್ಬಿ ತೆರೆದಳು. ಫ್ಯಾನಿನ ರೆಕ್ಕೆಗಳ ತುಂಬ ವಿಭೂತಿ! ದಿನಾ ಮುಂಜಾನೆ ಪೂಜೆ ಮಾಡುವಾಗ, ಒಳಗೂ ಮುಟ್ಟಲಿ ಎಂದು ಡಬ್ಬಿಯ ಜಾಲರಿಗೆ ವಿಭೂತಿ ಒತ್ತುತ್ತಿದ್ದ ಭಕ್ತ ನಾನೇ.

ದೇವೇಂದ್ರಪ್ಪನವರು ಬಗ್ಗಿ ನೋಡಿದರು. “ಭಾಳ ಒಳಗ ಮುಟ್ಟೇತಿ ಬಿಡ್ರಿ ನಿಮ್ಮ ಭಕ್ತಿ!”

ನನ್ನ ದನಿ ಇಳಿಯಿತು. “ತಪ್ಪಾತವ್ವಾ, ಹೋಗಬ್ಯಾಡ.”

ಮಮತಾ ಬ್ರಷ್ಷಿನಿಂದ ರೆಕ್ಕೆ ಒರೆಸಿ ಸ್ವಿಚ್ ಒತ್ತಿದಳು. ಫ್ಯಾನು ಸದ್ದಿಲ್ಲದೆ ತಿರುಗಿತು. ಆಮೇಲೆ ಬ್ಯಾಗನ್ನು ಮೊಳೆಗೆ ತೂಗುಹಾಕಿ ಕುಳಿತಳು.

“ನಾಳಿಂದ ವಿಭೂತಿ ನಿಮ್ಮ ಹಣಿಗಷ್ಟ ಹಚ್ಕೋರಿ ಅಣ್ಣಾರ. ಕಾವು ಅಲ್ಲೇ ಜಾಸ್ತಿ ಐತಿ.”