ಅಪ್ಪನ ಮದುವೆಗೆ ಸಾಕ್ಷಿ ಇಲ್ಲ

ಧಾರವಾಡದಲ್ಲಿ ನಿರಾಶ್ರಿತರ ಕಾನೂನಿನ ಬಗ್ಗೆ ಸಂಶೋಧನೆ ಮಾಡುತ್ತಿದ್ದೇನೆ ಎಂದರೆ ಬೈಲಹೊಂಗಲದ ನಮ್ಮ ಓಣಿಯವರಿಗೆ ನಗು.

"ನಮ್ಮೂರಾಗ ನಿರಾಶ್ರಿತರು ಯಾರದಾರವಾ? ಬಸ್ಸಿನ್ಯಾಗ ಸೀಟ್ ಸಿಗದವ್ರೇನು?" ಎಂದು ಪಕ್ಕದ ಮನೆಯ ಕಾಕಾ ಕೇಳುತ್ತಿದ್ದರು.

ಎರಡು ಸಾವಿರನೇ ಇಸವಿಯ ಆಸುಪಾಸಿನ ಒಂದು ಬೇಸಿಗೆಯಲ್ಲಿ ಚಿಕ್ಕಪ್ಪನ ಮಗಳು ಕಟಕೋಳದ ಗಂಡನ ಮನೆಯಿಂದ ಓಡಿ ನಮ್ಮಲ್ಲಿಗೆ ಬಂದಳು. ಕೋರ್ಟಿನಲ್ಲಿ ಶಿರಸ್ತೇದಾರರಾಗಿ ನಿವೃತ್ತರಾಗಿದ್ದ ಅಪ್ಪ ಕಟ್ಟೆಯ ಮೇಲೆ ಕುಳಿತು ವಿಚಾರಣೆ ಶುರು ಮಾಡಿದರು. ಬಂದಾಗ ಅವಳು ಅತ್ತೆ ಬೈದಳು ಎಂದಿದ್ದಳು. ಮಧ್ಯಾಹ್ನ ಅವ್ವ ಬೆನ್ನಿಗೆ ಎಣ್ಣೆ ಹಚ್ಚುವಾಗ ಗಂಡ ಹೊಡೆದ ಎಂದಳು. ಬಂದದ್ದು ಬಸ್ಸಿನಲ್ಲೋ ಟ್ರ್ಯಾಕ್ಸ್ ಜೀಪಿನಲ್ಲೋ ಎಂಬುದೂ ಬದಲಾಯಿತು.

"ತಾಸಿಗೊಂದು ಮಾತು ಹೇಳಾಕತ್ತಾಳ. ಸಂಜಿಗೆ ಬೀಗರು ಬರ್ತಾರ, ಕಳಿಸಿಬಿಡೂಣು," ಎಂದರು ಅಪ್ಪ.

ನನಗೆ ಮೈಯೆಲ್ಲ ಉರಿಯಿತು. ಆಶ್ರಯ ಕೇಳಿ ಬಂದವರ ಮಾತು ಒಂದೆಡೆ ತಪ್ಪಿದರೆ ಇಡೀ ಕತೆಯೇ ಸುಳ್ಳು ಎನ್ನುವ ಅಧಿಕಾರಿಗಳನ್ನು ವಿದ್ವಾಂಸರು ಹೇಗೆ ತರಾಟೆಗೆ ತೆಗೆದುಕೊಳ್ಳುತ್ತಾರೆ ಎಂಬುದನ್ನೇ ನಾನು ಆಗ ಓದುತ್ತಿದ್ದೆ. ಹೆದರಿದವರ ನೆನಪು ಸಾಲಾಗಿ ಬರುವುದಿಲ್ಲ, ನಾಚಿಕೆಯ ಸಂಗತಿ ಎಲ್ಲಕ್ಕಿಂತ ಕೊನೆಗೆ ಹೊರಬೀಳುತ್ತದೆ ಎನ್ನುತ್ತಾರೆ ಅವರು. ಇದನ್ನೆಲ್ಲ ಅಪ್ಪನಿಗೆ ಉಪದೇಶ ಮಾಡಿದ್ದರೆ ನನ್ನನ್ನೂ ಕಟಕೋಳಕ್ಕೆ ಕಳಿಸುತ್ತಿದ್ದರು. ಮೆಲ್ಲಗೆ ಬೇರೆ ಮಾತು ತೆಗೆದೆ.

"ಅಪ್ಪಾ, ನಿಮ್ಮ ಮದುವಿಗೆ ಅವ್ವನ ಊರು ಸಿರಸಂಗಿಗೆ ಹೆಂಗ ಹೋಗಿದ್ರಿ?"

"ಚಕ್ಕಡ್ಯಾಗ. ಏನ್ ಮಳಿ ಅಂತಿ!"

"ಎಲ್ಲಿ ಮಳಿ?" ಅವ್ವ ಅಡುಗೆಮನೆಯಿಂದಲೇ ಕೂಗಿದಳು. "ಲಾರಿ ತುಂಬ ಬಂದಿದ್ರಿ. ಸುಡು ಸುಡು ಬಿಸಿಲು."

"ಇಬ್ಬರ ಮಾತೂ ಕೂಡವಲ್ದು. ಹಂಗಾರ ನಿಮ್ಮ ಮದುವೀನ ಆಗಿಲ್ಲಂತ ಬರಕೊಳ್ಳೂಣೇನ್ರಿ?" ಎಂದೆ.

"ಬರಕೋ, ಬರಕೋ. ನಾಳೇನ ತವರಿಗೆ ಹೊಕ್ಕೇನಿ," ಎಂದಳು ಅವ್ವ.

ಬಂದಾಗಿನಿಂದ ತಲೆ ಎತ್ತದೆ ಕುಳಿತಿದ್ದ ತಂಗಿ ಪಕ್ಕನೆ ನಕ್ಕಳು. ಅಪ್ಪ ಮುಖ ಗಂಟು ಹಾಕಿಕೊಂಡು ಒಳಗೆ ಹೋದರು.

ಸಂಜೆ ಬೀಗರು ಮಗನನ್ನು ಕರೆದುಕೊಂಡು ಬಂದರು. ಅಪ್ಪ ಅಳಿಯನನ್ನು ಹೊರಗೆ ಕಟ್ಟೆಯ ಮೇಲೆ, ಬೀಗರನ್ನು ಒಳಗೆ ಪಡಸಾಲೆಯಲ್ಲಿ ಕೂರಿಸಿ, ಏನಾಯಿತೆಂದು ಬೇರೆ ಬೇರೆಯಾಗಿ ಕೇಳಿದರು.

"ಬಚ್ಚಲದಾಗ ಕಾಲ್ ಜಾರಿ ಬಿದ್ದಾಳ್ರಿ, ಯಾರೂ ಕೈ ಹಚ್ಚಿಲ್ರಿ," ಎಂದ ಅಳಿಯ. ಒಳಗೆ ಬೀಗರು ಹೇಳಿದ್ದೂ ಅದೇ, ಒಂದಕ್ಷರ ಹೆಚ್ಚುಕಮ್ಮಿ ಇಲ್ಲ.

ಅಪ್ಪ ಅಳಿಯನನ್ನೂ ಒಳಗೆ ಕರೆದರು. ಬಾಗಿಲ ಮರೆಯಲ್ಲಿ ತಂಗಿ ನನ್ನ ಕೈ ಗಟ್ಟಿಯಾಗಿ ಹಿಡಿದಿದ್ದಳು. ನನಗೂ ಹೆದರಿಕೆಯೇ.

"ಖರೇ ಹೇಳಾವ್ರ ಮಾತು ಒಂದೀಟು ಹಿಂದ ಮುಂದ ಆಗತೈತ್ರಿ, ಬೀಗರ," ಎಂದರು ಅಪ್ಪ, ಹುಟ್ಟಿದಾಗಿನಿಂದ ಇದನ್ನೇ ಹೇಳುತ್ತಾ ಬಂದವರ ಹಾಗೆ. "ನಿಮ್ಮಿಬ್ರದೂ ಬಾಯಿಪಾಠ, ಕಲಿಸಿದ ಸಾಕ್ಷಿ. ಚಹಾ ಕುಡದು ಹೊಂಡ್ರಿ. ಹುಡುಗಿ ಇಲ್ಲೇ ಇರ್ತಾಳ."